ನಮ್ಮ ಮನೆಗೆ ಮೊಂಡಗೈ ಎಂಬ ಹೆಸರು ಬಂದದ್ದು

ಹುಕ್ಕೇರಿಗೆ ಮಾಸ್ತರಿಕೆಗೆ ಬಂದ ಮೇಲೆ ನನ್ನ ಅಡ್ಡಹೆಸರು ಕೇಳಿ ಮುಸಿಮುಸಿ ನಗದವರು ಕಡಿಮೆ. ಮೊಂಡಗೈ. ಕೇಳಿದವರ ಕಣ್ಣು ಮೊದಲು ನನ್ನ ಕೈಗಳ ಮೇಲೆ ಹೋಗುತ್ತದೆ. ಎರಡೂ ನೆಟ್ಟಗಿವೆ. "ಹಿರಿಯಾರಾಗ ಯಾರಿಗರೆ ಕೈ ಇರಲಿಲ್ಲೇನ್ರಿ ಮಾಸ್ತರ?" ಎನ್ನುತ್ತಾರೆ. ಹೂಂ ಅನ್ನುತ್ತೇನೆ. ಹಿರಿಯರು ಯಾರೋ ಅಲ್ಲ, ನನ್ನ ಅಪ್ಪ. ಈಗ ಗೋಕಾಕದಲ್ಲಿ ನನ್ನ ತಮ್ಮನ ಮನೆ, ಧುಪದಾಳದಲ್ಲಿ ಇನ್ನೊಬ್ಬ ತಮ್ಮನ ಮನೆ, ಇಲ್ಲಿ ನನ್ನದು, ಎಲ್ಲವೂ ಮೊಂಡಗೈಯವರ ಮನೆಗಳೇ. ಕೈ ಹೋದದ್ದು ಒಬ್ಬನದು, ಹೆಸರು ಮಾತ್ರ ಕರಿಕೆ ಹುಲ್ಲಿನ ಹಾಗೆ ಹಬ್ಬಿತು. ನಗುವವರ ಮೇಲೆ ನನಗೆ ಸಿಟ್ಟು ಬರುತ್ತದೆ, ಅದನ್ನೇಕೆ ಮುಚ್ಚಿಡಲಿ.

ನಾವು ಕೌಜಲಗಿ ಕಡೆಯ ಒಂದು ಹಳ್ಳಿಯವರು. ಮೊದಲು ನಮ್ಮ ಮನೆತನಕ್ಕೆ ಕಮ್ಮಾರ ಎಂದೇ ಹೆಸರು. ಊರಿಗೆಲ್ಲ ನೇಗಿಲಿನ ಕುಡ, ಕಳೆ ತೆಗೆಯುವ ಕುರುಪಿ, ಕುಡಗೋಲು ನಮ್ಮ ಕುಲುಮೆಯಿಂದಲೇ ಹೋಗಬೇಕು. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಪ್ರತಿ ಕಣದಲ್ಲೂ ರಾಶಿಯಿಂದ ನಮ್ಮ ಪಾಲಿನ ಕಾಳು ಅಳೆದು ಹಾಕುತ್ತಿದ್ದರು. ಅದನ್ನೇ ಆಯ ಎನ್ನುತ್ತಾರೆ. ಹಣದ ಮಾತು ನಡುವೆ ಬರುತ್ತಿರಲಿಲ್ಲ.

ಮೊದಲ ಮಹಾಯುದ್ಧದ ಹೊತ್ತಿಗೆ ಕುಲುಮೆ ಅಜ್ಜನ ಕೈಯಲ್ಲಿತ್ತು, ಅಪ್ಪ ದಂಡಿನಲ್ಲಿದ್ದ. ಬಂದೂಕು ಹಿಡಿಯಲು ಅಲ್ಲ, ಬಂಡಿಯ ಗಾಲಿಗಳಿಗೆ ಪಟ್ಟಿ ಹಾಕಲು, ಹೇಸರಗತ್ತೆಗಳ ಗೊರಸಿಗೆ ನಾಲು ಬಡಿಯಲು. ಅವನನ್ನು ಫ್ರಾನ್ಸಿಗೆ ಕಳಿಸಿದರು. ಅಲ್ಲಿ ಗುಂಡು ಬಿದ್ದು ಬಲಗೈ ಮೊಣಕೈವರೆಗೆ ಹೋಯಿತು. ತಿರುಗಿ ಬಂದಾಗ ಅಜ್ಜ ತೀರಿಕೊಂಡಿದ್ದ, ನಾನು ಸಣ್ಣವ. ಅಪ್ಪ ಅಂಗಿಯ ಖಾಲಿ ತೋಳನ್ನು ಮಡಚಿ ಪಿನ್ನು ಚುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದ. ಅವ್ವ ಅಳಲಿಲ್ಲ. ಕಾಲಿಗೆ ನೀರು ಕೊಟ್ಟು ಒಳಗೆ ಹೋಗಿ, ಒಲೆಯ ಮುಂದೆ ಕೂತುಬಿಟ್ಟಳು.

ಯುದ್ಧದ ಸುದ್ದಿ ಅಪ್ಪ ಆಡುತ್ತಿರಲಿಲ್ಲ. ಆಡಿದ್ದು ಒಂದೇ ಒಂದು ಹೆಸರಿನ ಸುದ್ದಿ. ಚಳಿಗಾಲದಲ್ಲಿ ಅಪ್ಪನ ದಂಡಿನವರನ್ನು ಇಳಿಸಿದ್ದು ಒಬ್ಬ ಮುದುಕನ ದನದ ಕೊಟ್ಟಿಗೆಯಲ್ಲಿ. ಆ ಮುದುಕನ ಅಡ್ಡಹೆಸರು ಲಫೆವ್ರ. ಅಪ್ಪ ಕುದುರೆಗೆ ನಾಲು ಬಡಿಯುವುದನ್ನು ನೋಡುತ್ತ ನಿಂತ ಮುದುಕ, ತನ್ನ ಎದೆ ಮುಟ್ಟಿಕೊಂಡು, ಕಬ್ಬಿಣ ಬಡಿಯುವ ಅಡಿಗಲ್ಲು ಮುಟ್ಟಿ, ಏನೋ ಹೇಳಿದನಂತೆ. ಫ್ರೆಂಚೂ ಹಿಂದೂಸ್ತಾನಿಯೂ ಬಲ್ಲ ಸಾಹೇಬನೊಬ್ಬ ಅರ್ಥ ಬಿಡಿಸಿ ಹೇಳಿದ.

"ಆ ದೇಶದ ಹಳೀ ಮಾತಿನ್ಯಾಗ ಲಫೆವ್ರ ಅಂದ್ರ ಕಮ್ಮಾರ," ಎಂದು ಅಪ್ಪ ಹೇಳುತ್ತಿದ್ದ. "ಈಗ ಕಮ್ಮಾರಿಕಿ ಮಾಡಾಂವಗ ಅಲ್ಲೆ ಬ್ಯಾರೆ ಶಬ್ದ ಐತಂತ. ಹಳೀ ಶಬ್ದ ಬರೇ ಹೆಸರಿನ್ಯಾಗ ಉಳದೈತಿ. ಮುದುಕನ ಮುತ್ತ್ಯಾನ ಮುತ್ತ್ಯಾ ಎಂದೋ ಸುತ್ತಿಗಿ ಹಿಡದಿದ್ದ, ಅಷ್ಟ. ರೊಟ್ಟಿ ಸುಟ್ಟು ಮಾರಾಂವಾ ಲಫೆವ್ರ, ಚರ್ಚಿನ ಸ್ವಾಮಿ ಲಫೆವ್ರ. ಆ ಸೀಮ್ಯಾಗ ಯಾವ ಊರಿಗೆ ಹೋದ್ರೂ ನಾಕ ಮನಿ ಅವರವ ಇರತಾವ. ಯಾರೂ ಕಬ್ಬಿಣ ಮುಟ್ಟಂಗಿಲ್ಲ, ಹೆಸರು ಮಾತ್ರ ಯಾರೂ ಕಸಗೊಂಡಿಲ್ಲ."

ಈ ಮಾತು ಹೇಳುವಾಗ ಅವನ ಮುಖ ಅರಳುತ್ತಿತ್ತು. ಉಳಿದ ಹೊತ್ತೆಲ್ಲ ಮೋಡ ಕವಿದಂತೆ ಇರುತ್ತಿದ್ದ. ಆ ಹೆಸರನ್ನು ಅವನು ಯಾಕೆ ಅಷ್ಟು ಬಿಗಿಯಾಗಿ ಹಿಡಿದಿದ್ದ ಅನ್ನುವುದು ನನಗೆ ಆಗ ತಿಳಿಯಲಿಲ್ಲ.

ಕೆಲವು ದಿನ ಅವ್ವನೇ ದೊಡ್ಡ ಸುತ್ತಿಗೆ ಬೀಸಿದಳು. ನಾನು ತಿದಿ ಒತ್ತುತ್ತಿದ್ದೆ. ಅಪ್ಪ ಎಡಗೈಯಲ್ಲಿ ಇಕ್ಕಳ ಹಿಡಿದು, ಎಲ್ಲಿ ಏಟು ಬೀಳಬೇಕೆಂದು ಬಾಯಿಂದ ಹೇಳುತ್ತಿದ್ದ. ಕಾದ ಕಬ್ಬಿಣ ಮಾತು ಮುಗಿಯುವವರೆಗೆ ಕಾಯುತ್ತದೆಯೇ? ಕುಡಗಳು ಸೊಟ್ಟಗಾದವು. ಹೊಲದಲ್ಲಿ ಮುರಿದವು. ಜನ ಮುರಿದದ್ದನ್ನು ತಂದು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದರು.

ಸುಗ್ಗಿಯಲ್ಲಿ ಗೌಡರು ಅಪ್ಪನನ್ನು ತಮ್ಮ ಕಣಕ್ಕೆ ಕರೆಸಿದರು. ನಾನೂ ಜೊತೆಗಿದ್ದೆ. ಗೌಡರು ಕೆಟ್ಟವರಲ್ಲ, ಮಾತನ್ನು ಮೆತ್ತಗೇ ಆಡಿದರು.

"ನೋಡಪಾ, ನಿನ್ನ ಮ್ಯಾಲೆ ಯಾರಿಗೂ ಸಿಟ್ಟಿಲ್ಲ. ಆದ್ರ ಬಿತ್ತಿಗಿ ಹೊತ್ತಿಗೆ ಕುಡಾ ಬಡದು ಕೊಡಾವರು ಯಾರು? ಮೂಡಲಗಿಯಿಂದ ಒಬ್ಬಾಂವನ ಕರಸೂಣು. ಆಯ ಇಬ್ಬರೂ ಅರ್ಧಾ ಅರ್ಧಾ ಮಾಡಕೋರಿ."

ಅರ್ಧ ಆಯ ಅಂದರೆ ಅರ್ಧ ವರ್ಷದ ರೊಟ್ಟಿ. ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅಪ್ಪ ಲಫೆವ್ರನ ಕಥೆ ತೆಗೆದ. ಕಣದಲ್ಲಿದ್ದವರೆಲ್ಲ ಕೈಕೆಲಸ ನಿಲ್ಲಿಸಿ ಕೇಳಿದರು. ಮುಗಿಸಿ ಹೇಳಿದ: "ಅರ್ಧಾ ಬ್ಯಾಡ್ರಿ ಗೌಡ್ರ. ಪೂರಾ ಆಯ ಅವಗೇ ಕೊಡ್ರಿ. ನನಗ ಸರಕಾರದ ಪಿಂಚಣಿ ಐತಿ. ಹೆಸರ ಒಂದ ನಮ್ಮ ಮನೀಗೆ ಬಿಡ್ರಿ. ಕಮ್ಮಾರ ಅನ್ನೂದು ನಮಗಷ್ಟ ಇರಲಿ."

"ಹೆಸರ ಯಾರ ಕಸಗೋತಾರಪಾ. ಆಗಲಿ ತಗೋ," ಎಂದರು ಗೌಡರು.

ಅಪ್ಪ ಗೆದ್ದವನ ಹಾಗೆ ಮನೆಗೆ ಬಂದ. ಅವ್ವ ಎಲ್ಲ ಕೇಳಿ, ಬೀಸುಕಲ್ಲು ನಿಲ್ಲಿಸದೆಯೇ ಅಂದಳು: "ಆ ಮುದುಕಗ ಹೊಲಾ ಇತ್ತು, ದನಾ ಇದ್ವು. ಅಂವಗ ಯಾರೂ ಕಣದಾಗ ಕಾಳ ಅಳದು ಹೆಸರು ಕೊಟ್ಟಿರಲಿಲ್ಲ. ನಮ್ಮದು ಆಯದ ಹೆಸರು. ಆಯ ಬಿಟ್ಟ ಮ್ಯಾಲೆ ಅದು ಎಲ್ಲೆ ನಿಲ್ಲತೈತಿ?"

ಮೂಡಲಗಿಯವನು ಬಂದ. ಮುಂದಿನ ಓಣಿಯಲ್ಲಿ ಕುಲುಮೆ ಹೂಡಿದ. ಪ್ರಾಯದವನು, ಕೈ ಚುರುಕು. ಜನ ಮೊದಮೊದಲು ಅವನನ್ನು ಮೂಡಲಗಿಯಾಂವ ಅಂದರು. ಒಂದು ಬಿತ್ತಿಗೆ ಕಳೆಯಿತು, ಹೊಸ ಕಮ್ಮಾರ ಅಂದರು. ಆಮೇಲೆ ಹೊಸ ಎಂಬುದೂ ಬಿದ್ದುಹೋಯಿತು. ಯಾರೂ ಬೇಕೆಂದು ಮಾಡಿದ್ದಲ್ಲ. ನೇಗಿಲು ಮುರಿದವನು ಬೆಂಕಿ ಇರುವ ಮನೆಯ ಮುಂದೆ ನಿಂತು ಕಮ್ಮಾರಣ್ಣಾ ಎಂದು ಕೂಗುತ್ತಾನೆ, ತಣ್ಣಗಿದ್ದ ಮನೆಯ ಮುಂದೆ ಯಾಕೆ ಕೂಗುತ್ತಾನೆ?

ಹಬ್ಬಕ್ಕೆ ಒಕ್ಕಲಿಗರ ಹೆಣ್ಣುಮಕ್ಕಳು ಕಮ್ಮಾರರಿಗೆಂದು ಹೋಳಿಗೆಯ ಎಡೆ ತರುವುದು ನಮ್ಮಲ್ಲಿ ರೂಢಿ. ಒಂದು ಹಬ್ಬಕ್ಕೆ ಒಬ್ಬ ಮುದುಕಿ ಬುಟ್ಟಿ ಹೊತ್ತು ನಮ್ಮ ಓಣಿಗೆ ಬಂದಳು. ಅಪ್ಪ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಎದ್ದು ನಿಂತ. "ಸ್ವಲ್ಪ ದಾರಿ ಬಿಡಪಾ, ಕಮ್ಮಾರ ಮನಿಗೆ ಹೊಂಟೀನಿ," ಎಂದಳು ಅವಳು. ಅಪ್ಪ ದಾರಿ ಬಿಟ್ಟ. ಅವಳಿಗೆ ನೆನಪೇ ಇರಲಿಲ್ಲ, ಪಾಪ. ಅದೇ ನನಗೆ ಇವತ್ತಿಗೂ ಹೊಟ್ಟೆ ಉರಿಸುವುದು.

ಕುಲುಮೆ ಆರಿದ ಮೇಲೆ ನನಗೆ ಮನೆಯಲ್ಲಿ ಕೆಲಸವಿರಲಿಲ್ಲ. ವಯಸ್ಸು ಮೀರಿದ್ದರೂ ಅಪ್ಪ ನನ್ನನ್ನು ಸಾಲಿಗೆ ಕರೆದುಕೊಂಡು ಹೋದ. ಮಾಸ್ತರರು ಹೊಸಬರು, ನಿಡಸೋಸಿ ಕಡೆಯವರು. "ಅಡ್ಡಹೆಸರು ಏನಪಾ?" ಎಂದು ಕೇಳಿದರು. ಅಪ್ಪ ಬಾಯಿ ತೆರೆಯುವ ಮುನ್ನ ಬಾಗಿಲಲ್ಲಿ ಕೂತಿದ್ದ ತಳವಾರ, "ಮೊಂಡಗೈಯವರ ಹುಡುಗರಿ," ಎಂದ. ಊರು ನಮ್ಮನ್ನು ಹಾಗೆ ಕರೆಯುತ್ತಿದೆ ಎಂದು ಅಪ್ಪನಿಗೆ ಗೊತ್ತಾದದ್ದು ಆಗಲೇ. ಮಾಸ್ತರರು ಅಪ್ಪನ ಖಾಲಿ ತೋಳು ನೋಡಿದರು, ಬರೆದುಕೊಂಡರು. ಅಪ್ಪ ಅಲ್ಲ ಅನ್ನಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದ. ಅಂದಿನಿಂದ ಅವನು ಲಫೆವ್ರನ ಹೆಸರು ಎತ್ತಲೇ ಇಲ್ಲ.

ಊರಲ್ಲಿ ಒಬ್ಬನೇ ಒಬ್ಬ ಅವನನ್ನು ಹಳೆಯ ಹೆಸರಿನಿಂದ ಕರೆಯುತ್ತಿದ್ದ. ಆ ಮೂಡಲಗಿಯವನೇ. ದಾರಿಯಲ್ಲಿ ಕಂಡರೆ ಕೆಲಸದ ಕೈಯನ್ನು ಧೋತರಕ್ಕೆ ಒರೆಸಿಕೊಂಡು, "ಕಮ್ಮಾರ ಕಾಕಾರ, ಆರಾಮ ಅದೀರಿ?" ಎನ್ನುತ್ತಿದ್ದ. ಅಪ್ಪ ಕಿವಿ ಕೇಳದವನ ಹಾಗೆ ನಡೆದುಬಿಡುತ್ತಿದ್ದ. ವರ್ಷಗಟ್ಟಲೆ ಹೀಗೇ. ಆದರೂ ಅವನು ಕರೆಯುವುದನ್ನು ಬಿಡಲಿಲ್ಲ.

ಈಗ ನಾನೂ ಮಾಸ್ತರ. ಹೊಸ ಹುಡುಗನನ್ನು ತಂದವರಿಗೆ, "ನಿಮ್ಮ ಮನಿ ಹೆಸರು ನೀವ ಹೇಳ್ರಿ," ಎನ್ನುತ್ತೇನೆ. ಪಕ್ಕದವರು ಬಾಯಿ ಹಾಕಿದರೆ ಗದರುತ್ತೇನೆ. ನನ್ನ ಹೆಸರನ್ನೂ ತಿದ್ದಿಸಬಹುದಿತ್ತು. ಮೊನ್ನೆ ಅಪ್ಪ ಹಾಸಿಗೆ ಹಿಡಿದಾಗ, ಮತ್ತೆ ಕಮ್ಮಾರ ಎಂದು ಬರೆಸಲೇ ಎಂದು ಕೇಳಲು ಊರಿಗೆ ಹೋಗಿದ್ದೆ. ಹೋದ ಮರುದಿನ ಬೆಳಿಗ್ಗೆ ಮೂಡಲಗಿಯವನು ನೋಡಲು ಬಂದ. ಅವನ ತಲೆಯೂ ನರೆತಿತ್ತು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಎಂದಿನಂತೆ ಕೂಗಿದ.

"ಕಮ್ಮಾರ ಕಾಕಾರ, ಒಳಗ ಬರಲ್ರಿ?"

ಅಪ್ಪ ಕಣ್ಣು ತೆರೆದ. ಅಷ್ಟು ವರ್ಷದಲ್ಲಿ ಮೊದಲ ಸಲ ಆ ಕರೆಗೆ ಓಗೊಟ್ಟ.

"ಕಮ್ಮಾರ ಮನಿ ಇದಲ್ಲಪಾ," ಎಂದ. "ಮುಂದಿನ ಓಣ್ಯಾಗ ಐತಿ. ಅಲ್ಲೆ ಹೋಗಿ ಕೇಳು."

ಮೂಡಲಗಿಯವನು ಹೊಸ್ತಿಲಲ್ಲೇ ಕೂತು ಮುಖ ಮುಚ್ಚಿಕೊಂಡ. ನಾನು ಕೇಳಬೇಕೆಂದು ಹೋದದ್ದನ್ನು ಕೇಳಲಿಲ್ಲ.