ಹತ್ತು ದಿನಕ್ಕೆ ಹತ್ತು ಬೆಳಕು

ಟಿಕ್.

ಮೇಜಿನ ಮೇಲಿದ್ದ ಅಂಗೈಯಗಲದ ದೀಪ ಹತ್ತಿಕೊಂಡಿತು.

“ಬೆಳಗ್ಗೆಯಿಂದ ಕೂಗಿ ಕೂಗಿ ಗಂಟಲು ಬಿದ್ದುಹೋಯ್ತು ಅಕ್ಕ,” ಎಂದಳು ಕನ್ನಡಕದ ಹುಡುಗಿ. ದೀಪ ಆರಿ ಮತ್ತೆ ಟಿಕ್ ಎಂದು ಹತ್ತಿತು. “ಈ ದೀಪ ಇಲ್ಲಿ ಚೆನ್ನಾಗೇ ಕೇಳಿಸ್ಕೊಳತ್ತೆ. ನಿಮ್ಮನೇಲಿ ಮಾತ್ರ ಇದಕ್ಕೆ ಕಿವುಡು.”

ಬೆಸುಗೆ ಅಕ್ಕ ಕಾದ ಸೋಲ್ಡರಿಂಗ್ ಕಡ್ಡಿಯ ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸಿದಳು. ಚುಂಯ್ ಎಂದಿತು.

ವಿಶ್ವವಿದ್ಯಾಲಯದ ಈ ಕೋಣೆಗೆ ಹುಡುಗ ಹುಡುಗಿಯರು ಒಂದು ಹಾಳೆ ಹಿಡಿದುಕೊಂಡು ಬರುತ್ತಾರೆ. ಹಾಳೆಯ ಮೇಲಿನ ಯೋಚನೆಗೆ ಕೈಕಾಲು ಮೂಡಿಸಿ, ಮುಟ್ಟಿ ನೋಡುವಂಥ ಮಾದರಿ ಮಾಡಿಸುವುದು ಇಲ್ಲಿನ ಯೋಜನೆ. ಅಕ್ಕ ಇಲ್ಲಿ ಹದಿನೇಳು ವರ್ಷದಿಂದ ಟೆಕ್ನಿಷಿಯನ್. ತಂತಿ ಬೆಸೆಯುವುದರಲ್ಲಿ ಅವಳದು ಎತ್ತಿದ ಕೈ. ಎಲ್ಲರಿಗೂ ಅವಳು ಬೆಸುಗೆ ಅಕ್ಕ; ಹೆಸರು ಕೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಯಾವ ಮಾದರಿಯೂ ಪರೀಕ್ಷಕರ ಮುಂದೆ ಹೋಗುವ ಮೊದಲು ಒಂದು ಮನೆಯಲ್ಲಿ ಹತ್ತು ದಿನ ಇದ್ದು ಬರಬೇಕೆಂಬುದು ಇಲ್ಲಿಯ ನಿಯಮ. “ಹೋಗಿ ಸಂಸಾರ ಮಾಡಿ ಬರಲಿ, ಆಮೇಲೆ ನೋಡೋಣ,” ಎನ್ನುತ್ತಾರೆ ಯೋಜನೆ ನಡೆಸುವ ಮೇಷ್ಟ್ರು. ಹಾಸ್ಟೆಲಿನ ಕೋಣೆ ಲೆಕ್ಕಕ್ಕಿಲ್ಲ. ಹುಡುಗಿಯ ಅಜ್ಜಿಗೆ ಕಿವಿ ಕೇಳುವುದಿಲ್ಲ. ಹಿಂದಿನಿಂದ ಯಾರಾದರೂ ಬಂದು ಮುಟ್ಟಿದರೆ ಬೆಚ್ಚಿಬೀಳುತ್ತಾಳಂತೆ. ಕೋಣೆಯಲ್ಲಿ ಯಾರಾದರೂ ಮಾತಾಡಿದರೆ ಹತ್ತುವ ಈ ದೀಪ ಅವಳಿಗಾಗಿ. ಆದರೆ ಅಜ್ಜಿಯ ಊರು ಎರಡು ದಿನದ ದಾರಿ. ಹಾಗಾಗಿ ಹುಡುಗಿ ಅಕ್ಕನ ಬೆನ್ನು ಹತ್ತಿದ್ದಳು: “ನಿಮ್ಮ ಮನೆ ಸಂತೆ ಇದ್ದ ಹಾಗೆ ಅಲ್ವಾ ಅಕ್ಕ, ಅಲ್ಲೇ ಇಟ್ಕೊಳ್ಳಿ.”

ಸಂತೆ ಎಂದದ್ದು ಅಕ್ಕನೇ. ತಂಗಿ, ತಂಗಿಯ ಗಂಡ, ಇಬ್ಬರು ಮಕ್ಕಳು. ಬಾಯಿಗೆ ಬೀಗವಿಲ್ಲದ ಮನೆ. ಅವರು ಬೇರೆ ಊರಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ಮೊದಲ ವಾರ ಅದನ್ನು ಇಲ್ಲಿ ಯಾರಿಗೂ ಹೇಳಲು ಮನಸ್ಸಾಗಲಿಲ್ಲ. ಆಮೇಲೆ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಅನ್ನಿಸಿತು. ತಂಗಿ ಕಳಿಸುವ ಫೋಟೊ ನೋಡಿಕೊಂಡು ಅಕ್ಕ ಮಕ್ಕಳನ್ನು ಮಾತಿನಲ್ಲೇ ಬೆಳೆಸುತ್ತ ಬಂದಳು. ದೊಡ್ಡವನಿಗೆ ಈಗ ಮೀಸೆ ಚಿಗುರುತ್ತಿದೆ ಎಂದು ಹೋದ ವಾರವಷ್ಟೇ ಎಲ್ಲರನ್ನೂ ನಗಿಸಿದ್ದಳು.

ಯಾವಾಗ, ಎಷ್ಟು ಸಲ ಹತ್ತಿತು ಎಂದು ದೀಪ ಬರೆದಿಟ್ಟುಕೊಳ್ಳುತ್ತದೆಂಬುದು ಅವಳಿಗೆ ಗೊತ್ತಿರಲಿಲ್ಲ. ಅದನ್ನು ಹುಡುಗಿ ಕಡೆಯ ಗಳಿಗೆಯಲ್ಲಿ ಸೇರಿಸಿದ್ದಳು.

“ನೋಡಿ, ದಿನಕ್ಕೆ ಒಂದೇ ಒಂದು ಸಲ,” ಹುಡುಗಿ ಕಂಪ್ಯೂಟರನ್ನು ಅವಳತ್ತ ತಿರುಗಿಸಿದಳು. “ಸಂಜೆ ಆರೂಇಪ್ಪತ್ತು, ಆರೂಇಪ್ಪತ್ತೆರಡು... ಅದೂ ಬಾಗಿಲ ಸದ್ದಿರಬೇಕು. ಐದು ಜನ ಇರೋ ಮನೇಲಿ ಹೀಗಾದ್ರೆ ಅಜ್ಜಿಗೇನು ಪ್ರಯೋಜನ? ಮೂರು ಗಂಟೆಗೆ ಪರೀಕ್ಷಕರು ಬರ್ತಾರೆ. ಮನೇಲಿ ಸೋತಿದ್ದನ್ನ ಮೇಷ್ಟ್ರು ಪಟ್ಟಿಯಿಂದ ತೆಗೆದೇ ಬಿಡ್ತಾರೆ. ಈ ಮೈಕ್ ಕಿತ್ತು ಬೇರೆ ಹಾಕಿಕೊಡಿ ಅಕ್ಕ, ಇಲ್ಲಾಂದ್ರೆ ನಾನೇ ಹೆಸರು ವಾಪಸ್ ತಗೋತೀನಿ.”

ಅಕ್ಕ ಮೈಕನ್ನು ನೋಡಿದಳು. ತಾನೇ ಬೆಸೆದದ್ದು. ಕಿತ್ತರೆ ಯಾರಿಗೂ ಏನೂ ತಿಳಿಯುವುದಿಲ್ಲ. ಒಳ್ಳೆಯ ದೀಪವೊಂದು ಕೆಡುತ್ತದೆ, ಅಷ್ಟೇ.

ಆ ಹತ್ತೂ ಸಂಜೆ ಅವಳು ಹೊಸ್ತಿಲಲ್ಲೇ ನಿಂತಿದ್ದಳು, ದೀಪ ಹತ್ತಿ ಆರುವವರೆಗೆ. ಇನ್ನೊಂದು ಮಾತಾಡಿದ್ದರೆ ಇನ್ನೊಮ್ಮೆ ಹತ್ತುತ್ತಿತ್ತು. ಆಡಿರಲಿಲ್ಲ. ದೀಪದ ಜೊತೆ ಹರಟುವಷ್ಟು ತಲೆ ಕೆಟ್ಟಿಲ್ಲವೆಂದು ತನಗೆ ತಾನೇ ತೋರಿಸಿಕೊಳ್ಳಬೇಕಿತ್ತು.

“ಅದು ಬಾಗಿಲ ಸದ್ದಲ್ಲ,” ಎಂದಳು. ಟಿಕ್.

“ಮತ್ತೆ?”

“ನಾನು. ಬೀಗ ತೆಗೆದು ಒಳಗೆ ಕಾಲಿಡುವಾಗ ‘ಬಂದೆ’ ಅಂತೀನಿ.”

ಹುಡುಗಿ ನಕ್ಕಳು. “ಅದಕ್ಕೆ ಯಾರೂ ‘ಬಾ’ ಅನ್ನಲ್ವಾ? ಎಂಥ ಜನ ಅಕ್ಕ ನಿಮ್ಮ ಮನೇಲಿ?”

ಅಕ್ಕ ಸೋಲ್ಡರಿಂಗ್ ಕಡ್ಡಿಯ ಸ್ವಿಚ್ ಆರಿಸಿದಳು.

“ಯಾರೂ ಇಲ್ಲ ಕಣಮ್ಮ. ಅವರೆಲ್ಲ ಹೋಗಿ ನಾಲ್ಕು ವರ್ಷ ಆಯ್ತು.”

ಹುಡುಗಿಯ ನಗು ಅರ್ಧಕ್ಕೇ ನಿಂತಿತು.

“ನಿನ್ನ ದೀಪ ಒಂದೇ ಒಂದು ಮಾತೂ ಬಿಟ್ಟಿಲ್ಲ. ನಾನು ಹತ್ತು ಸಲ ‘ಬಂದೆ’ ಅಂದೆ, ಹತ್ತು ಸಲ ಹತ್ತಿದೆ. ಮೈಕ್ ಮುಟ್ಟಬೇಡ. ಪರೀಕ್ಷಕರಿಗೆ ಹೀಗೇ ತೋರಿಸು.”

“ಫಾರಂನಲ್ಲಿ ಮನೇಲಿ ಎಷ್ಟು ಜನ ಅಂತ ಕೇಳಿದಾರಲ್ಲ. ನಾನು ಐದು ಅಂತ...”

“ಹೊಡೆದು ಹಾಕು. ಒಂದು ಅಂತ ಬರಿ. ಪೆನ್ನಲ್ಲೇ ಬರಿ.”

ಹುಡುಗಿ ಪೆನ್ನು ಕೈಗೆತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. “ಮತ್ತೆ ಆ ಮೀಸೆ ವಿಷಯ ಅಕ್ಕ...”

“ಮೀಸೆ ನಿಜ.”

“ಅಕ್ಕ, ಪರೀಕ್ಷೆ ಮುಗಿದ ಮೇಲೆ ದೀಪ ನಿಮ್ಮ ಮನೇಲೇ ಇರ್ಲಿ. ಅಜ್ಜಿಗೆ ಬೇರೆ ಮಾಡ್ಕೊತೀನಿ. ಇಲ್ಲಾ ಸಂಜೆ ನಾನೇ ನಿಮ್ಮ ಜೊತೆ ಬಂದು...”

ದೀಪ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಅಕ್ಕ ಕೈಯೊರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಆ ಮಾತು ಮುಗಿಯುವುದಕ್ಕೆ ಕಾಯದೆ, ಡ್ರಿಲ್ಲಿಂಗ್ ಯಂತ್ರವಿದ್ದ ಒಳಕೋಣೆಯತ್ತ ನಡೆದುಬಿಟ್ಟಳು.