ಅಕ್ಕನ ಮನೆಯ ಪಂಪು

ಉಜಿರೆ ಹತ್ತಿರದ ನಮ್ಮ ಊರಿನಲ್ಲಿ ಪಂಚಾಯತ್ ನೀರು ಬಿಡುವ ಕೆಲಸ ನನ್ನದು. ಹಿಂದೆ ಬೆಳಿಗ್ಗೆ ಒಂದು ಗಂಟೆ ಹೊತ್ತು ವಾಲ್ವ್ ತೆರೆದಿಟ್ಟರೆ ಗುಡ್ಡೆಯ ತುದಿಯ ಮನೆಗೂ ನೀರು ಏರುತ್ತಿತ್ತು. ಆಮೇಲೆ ರಸ್ತೆ ಬದಿಯಲ್ಲಿ ಕಾಲೇಜು ಮಕ್ಕಳಿಗೆಂದು ಬಾಡಿಗೆ ರೂಮುಗಳು ಎದ್ದವು. ಟ್ಯಾಂಕಿ ಮಾತ್ರ ಹಳೆಯದೇ ಉಳಿಯಿತು.

ಕಳೆದ ಬೇಸಗೆಯಲ್ಲಿ ಗುಡ್ಡೆಯ ಮೇಲೆ ಐದು ದಿನ ಒಂದು ಹನಿ ಬರಲಿಲ್ಲ. ಅಲ್ಲಿ ಬೀಡಿ ಕಟ್ಟುವ ಬ್ಯಾರಿ ಸಮುದಾಯದ ಹೆಂಗಸೊಬ್ಬರು ಖಾಲಿ ಕೊಡಪಾನ ಹಿಡಿದು ನನ್ನ ಬೈಕಿಗೆ ಅಡ್ಡ ನಿಂತರು.

"ಅಣ್ಣಾ, ದಿನಾ ನೀರು ಬಿಡ್ತೇನೆ ಅಂತ ಹೇಳ್ತೀರಿ. ಅದು ಹೋಗುವುದಾದರೂ ಎಲ್ಲಿಗೆ?"

ಬೈಗುಳ ತಿಂದು ನನಗೆ ಅಭ್ಯಾಸವಿತ್ತು. ಅವರು ಬೈಯಲಿಲ್ಲ, ಕೇಳಿದರು ಅಷ್ಟೆ.

ಮರುದಿನ ವಾಲ್ವ್ ತೆರೆದು, ಪೈಪು ಹೋದ ದಾರಿಯಲ್ಲೇ ನಡೆದೆ. ಐದಾರು ಕಾಂಪೌಂಡುಗಳ ಒಳಗಿನಿಂದ ಮೋಟಾರಿನ ಸದ್ದು. ಪಂಚಾಯತ್ ಲೈನಿಗೇ ಪಂಪು ಕೂರಿಸಿ ನೀರು ಎಳೆಯುತ್ತಿದ್ದರು. ಮೊದಲನೆಯದೇ ನನ್ನ ಸ್ವಂತ ಅಕ್ಕನ ಮನೆ.

"ಅಕ್ಕ, ಇದು ಎಂತದ್ದು?"

"ರೂಮಿನ ಮಕ್ಕಳು ಸ್ನಾನ ಮಾಡದೆ ಕಾಲೇಜಿಗೆ ಹೋಗ್ಬೇಕಾ? ಬೋರು ಬತ್ತಿ ತಿಂಗಳಾಯ್ತು ಮಾರಾಯ."

"ಮೇಲಿನವರಿಗೆ ಕುಡಿಯಲಿಕ್ಕೇ ನೀರಿಲ್ಲ."

"ಪಂಪು ನಮ್ಮಲ್ಲಿ ಮಾತ್ರ ಉಂಟಾ? ನಿನಗೆ ಕಾಣುವುದು ನಾನೊಬ್ಬಳೇ?"

ಸ್ವಿಚ್ ಆಫ್ ಮಾಡಿ, ಸ್ಪ್ಯಾನರ್ ತೆಗೆದು ಪಂಪು ಬಿಚ್ಚಿದೆ. ಅಕ್ಕ ತಡೆಯಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ವಾರ ಗುಡ್ಡೆಗೆ ನೀರು ಏರಿತು, ದಾರದಷ್ಟು ಸಣ್ಣಗೆ. ಒಂದು ಕೊಡಪಾನ ತುಂಬಲು ಅರ್ಧ ಗಂಟೆ ಬೇಕಿತ್ತು. ಬೇರೆಯವರ ಕಾಂಪೌಂಡಿಗೆ ನುಗ್ಗಿ ಬಿಚ್ಚುವ ಅಧಿಕಾರ ನನಗಿರಲಿಲ್ಲ; ಉಳಿದ ಪಂಪುಗಳ ಪಟ್ಟಿ ಬರೆದು ಪಂಚಾಯತ್ ಆಫೀಸಿಗೆ ಕೊಟ್ಟೆ. "ನೋಡುವ" ಎಂದರು. ಹದಿನೈದು ದಿನ ಬಿಟ್ಟು ಮತ್ತೆ ಕೇಳಿದೆ. "ಮಳೆ ಬರಲಿ, ಎಲ್ಲ ಸರಿಯಾಗ್ತದೆ" ಎಂದರು. ನನ್ನ ಅಕ್ಕನ ಪಂಪು ಬಿಚ್ಚಲು ಯಾವ ಮಳೆಗೂ ನಾನು ಕಾದಿರಲಿಲ್ಲ ಎನ್ನುವ ಮಾತು ಬಾಯಿಯವರೆಗೆ ಬಂತು, ನುಂಗಿಕೊಂಡೆ.

ಮಳೆ ಬಂದು ಹೋಯಿತು. ಆ ಪಂಪುಗಳು ಅಲ್ಲೇ ಇವೆ. ಅಕ್ಕ ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ. ಅವಳ ಪಕ್ಕದ ಜಾಗದಲ್ಲಿ ಮೂರು ಮಹಡಿಯ ಕಟ್ಟಡವೊಂದು ಏಳುತ್ತಿದೆ. ಮೊನ್ನೆ ಅದರ ಮಾಲಕರು ನನ್ನನ್ನು ಕರೆದು, ಪೈಪಿನ ಲೈನು ಯಾವ ಕಡೆಯಿಂದ ಹೋಗ್ತದೆ ಎಂದು ನಯವಾಗಿ ವಿಚಾರಿಸಿದರು. ಗೊತ್ತಿಲ್ಲ ಎಂದು ಸುಳ್ಳು ಹೇಳಿ ಬಂದೆ.