ಬುತ್ತಿ ಹೇರಿದ ತಗ್ಗು ಗಾಡಿ

ಹೋದ ವರ್ಷದ ಮಾತು. ಇಂಡಿಯಲ್ಲಿ ನನ್ನದೊಂದು ಗ್ಯಾರೇಜು. ಟೆಂಪೊ, ಜೀಪು, ಕಾರು, ಏನು ಬಂದರೂ ಬಿಚ್ಚುತ್ತೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಇದನ್ನು ಬರೆಯುವಾಗ ಮೊಮ್ಮಗಳು ತೊಡೆಯ ಮೇಲಿದ್ದಾಳೆ. ಅಕ್ಷರ ಓರೆಯಾಗಿದ್ದರೆ ಅದು ಅವಳ ಕಾಲಿನ ಕೆಲಸ!

ಮಗಳು ಸುವರ್ಣಾಳ ಕುಬಸ ನಿಶ್ಚಯವಾಗಿತ್ತು. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ ಉಡಿ ತುಂಬುವ ಕಾರ್ಯವದು; ತವರಿನವರು ಬುಟ್ಟಿಗಟ್ಟಲೆ ಬುತ್ತಿ ಒಯ್ಯಬೇಕು. ನಮ್ಮನ್ನು ಕರೆದೊಯ್ಯಲು ಅಳಿಯ ಮಲ್ಲಿಕಾರ್ಜುನ ಮುದ್ದೇಬಿಹಾಳದಿಂದ ಕಾರು ತಂದಿದ್ದ. ಕಾರು ನೆಲಕ್ಕೆ ಬಗ್ಗಿ ನಿಂತಿತ್ತು.

"ಹೆಂಗೈತ್ರಿ ಮಾವಾರ? ಲೋವರಿಂಗ್ ಸ್ಪ್ರಿಂಗ್ ಹಾಕಿಸಿ ಗಾಡಿ ತಗ್ಗ ಮಾಡಸೇನಿ."

ನಾನು ಬಾನೆಟ್ಟಿನ ಅಂಚನ್ನು ಒತ್ತಿ ಬಿಟ್ಟೆ. ಒಮ್ಮೆ ಎದ್ದು ಸುಮ್ಮನಾಗಬೇಕಾದ ಗಾಡಿ ಎದ್ದಿತು, ಕುಸಿಯಿತು, ಮತ್ತೆ ಎದ್ದಿತು.

"ಸ್ಟ್ರಟ್?"

"ಹಳೇವ ಅದಾವ್ರಿ. ಛಲೋನ ಅದಾವು."

ಸ್ಟ್ರಟ್ ಎಂದರೆ ಎಣ್ಣೆ ತುಂಬಿದ ಕೊಳವೆ. ಒಳಗೆ ಒಂದು ರಾಡು ಮೇಲೆ ಕೆಳಗೆ ಆಡುತ್ತದೆ. ಸ್ಪ್ರಿಂಗ್ ಗಾಡಿಯನ್ನು ಹೊರುತ್ತದೆ, ಸ್ಟ್ರಟ್ ಸ್ಪ್ರಿಂಗಿನ ಕುಣಿತವನ್ನು ಹಿಡಿಯುತ್ತದೆ. ಅಳಿಯ ಹಾಕಿಸಿದಂಥ ಗಿಡ್ಡ ಸ್ಪ್ರಿಂಗ್ ಬಿರುಸು. ಹಳೆಯ ಸ್ಟ್ರಟ್ಟಿನ ಹಿಡಿತ ಅದಕ್ಕೆ ಸಾಲದು. ಮೇಲಾಗಿ ಗಾಡಿ ತಗ್ಗಿದಾಗ ರಾಡು ಮೊದಲೇ ಅರ್ಧ ಇಳಿದು ಕೂತಿರುತ್ತದೆ. ಉಬ್ಬು ಬಂದರೆ ಇನ್ನು ಇಳಿಯಲು ಜಾಗವೆಲ್ಲಿ?

ಬೇರೆ ಗಿರಾಕಿಯಾಗಿದ್ದರೆ ಅಲ್ಲೇ ಬೈದಿರುತ್ತಿದ್ದೆ. ಆದರೆ ಇವನು ಅಳಿಯ. ಮಣೆ ಹಾಕಿ ಕೂಡಿಸಬೇಕಾದ ಮನುಷ್ಯ. "ಮೊದಲ ಊಟಾ ಮಾಡ್ರಿ" ಎಂದೆ. ಊಟದ ನಡುವೆಯೂ ನನ್ನ ಕಣ್ಣು ಆ ಗಾಡಿಯ ಮೇಲೇ ಇತ್ತು. ಹೆರಿಗೆಗೆ ಸುವರ್ಣಾ ಬರುವುದು ಇದೇ ಗಾಡಿಯಲ್ಲಿ.

ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆಯ ಬುಟ್ಟಿಗಳನ್ನು ಹಿಂದೆ ಹೇರಿದೆವು. ಅವುಗಳ ನಡುವೆ ನನ್ನ ಹೆಂಡತಿ ಶಾಂತವ್ವ ಕೂತಳು. ಅಳಿಯನ ಮುಂದೆ ಅವಳೆಂದೂ ಗಟ್ಟಿಯಾಗಿ ಮಾತಾಡಿದವಳಲ್ಲ. ಸೆರಗು ಎಳೆದುಕೊಂಡು ಗೋಣು ಹಾಕುವುದಷ್ಟೇ. ಊರು ದಾಟುತ್ತಲೇ ಸ್ಪೀಡ್ ಬ್ರೇಕರ್ ಬಂತು. ಧಡ್!

"ಅಯ್ಯಯ್ಯ, ನನ್ನ ಸೊಂಟಾ ಹೋತಲ್ಲೋ!" ಸೆರಗು ಜಾರಿದ್ದೂ ಅವಳಿಗೆ ತಿಳಿಯಲಿಲ್ಲ. "ಏನ್ರಿ ಅಳ್ಯಾರ, ಹೊಟ್ಟಿಲೆ ಇರೋ ನನ್ನ ಮಗಳನ್ನ ಇದರಾಗ ಕುಂಡ್ರಿಸಿಕೊಂಡು ಬರಾವ್ರೇನು?"

ಅಳಿಯ ಗಾಡಿ ನಿಲ್ಲಿಸಿ ನನ್ನ ಕಡೆ ತಿರುಗಿದ. "ನಿಮಗ ಮೊದಲ ಗೊತ್ತಿತ್ತೇನ್ರಿ ಮಾವಾರ?"

"ಗೊತ್ತಿತ್ರಿ."

"ಹೇಳಬೇಕಿಲ್ಲೇನ್ರಿ?"

"ಅಳಿಯಗ ಹೆಂಗ ಹೇಳೂದ್ರಿ?"

"ನಾ ಹೇಳೇನಲ್ಲ," ಹಿಂದಿನಿಂದ ಶಾಂತವ್ವ ಅಂದಳು. "ಈಗ ಹೊಡೀರಿ, ಹಗೂರ್ಕ."

ಕುಬಸ ಮುಗಿದ ಮೇಲೆ ಸ್ಟ್ರಟ್ ಬದಲಿಸಲೆಂದು ನಾನೇ ಆ ಕಾರನ್ನು ಇಂಡಿಗೆ ತಂದೆ. ಶಾಂತವ್ವ ಬಸ್ಸಿಗೆ ಬಂದಳು.

ಅಳಿಯನದು ಒಂದೇ ಹಟ: "ಗಾಡಿ ಎತ್ತರ ಮಾಡಬ್ಯಾಡ್ರಿ." ರೇಸಿಗೆ ಹಾಕುವ ಭಾರೀ ಬಿಗಿ ಸ್ಟ್ರಟ್ಟಿನ ಚಿತ್ರ ಕಳಿಸಿ, ಇವನ್ನೇ ಹಾಕಿ ಎಂದ. ಈಗ ನನ್ನ ಬಾಯಿಯೂ ಬಿಚ್ಚಿತ್ತು. ಫೋನಿನಲ್ಲಿ ಹೇಳಿದೆ, "ಅವು ರಸ್ತಾದಾಗಿನ ಒಂದ ಹಳ್ಳಾನೂ ಬಿಡದಂಗ ನಿಮ್ಮ ಹೆಂಡ್ತಿ ನಡಕ್ಕ ಮುಟ್ಟಸ್ತಾವ್ರಿ." ನಾನು ಆರಿಸಿದ್ದು ಆ ಸ್ಪ್ರಿಂಗಿಗೆಂದೇ ಮಾಡಿದವು: ಕೊಳವೆ ಗಿಡ್ಡ, ಹಾಗಾಗಿ ತಗ್ಗಿದ ಗಾಡಿಯಲ್ಲೂ ರಾಡಿಗೆ ಆಡಲು ಜಾಗ; ಹಿಡಿತ ಸ್ಪ್ರಿಂಗಿನ ಬಿರುಸಿಗೆ ತಕ್ಕಷ್ಟು, ಅದಕ್ಕಿಂತ ಹೆಚ್ಚಲ್ಲ.

ಪಾರ್ಸಲ್ ವಿಜಯಪುರದಿಂದ ಬರಬೇಕು. ಬರಲೊಲ್ಲದು. ಮಗಳ ಹೆರಿಗೆಯ ದಿನ ಹತ್ತಿರವಾಗುತ್ತಿತ್ತು. ಪ್ರತಿ ಬಸ್ಸಿಗೂ ಸ್ಟ್ಯಾಂಡಿಗೆ ಓಡುತ್ತಿದ್ದೆ. ಹಾರ್ನು ಕೇಳಿದರೆ ಹಿಡಿದ ಸ್ಪ್ಯಾನರ್ ಕೆಳಗಿಡುತ್ತಿದ್ದೆ, ಮನೆಗೆ ಹೋದರೆ ಕಾಲು ನಿಲ್ಲದು.

"ಒಂದ ಕಡೆ ಕುಂಡ್ರರಿ," ಶಾಂತವ್ವ ಗದರಿದಳು. "ಹಡಿಯಾವ್ರು ನೀವಲ್ಲ."

ಕೊನೆಗೂ ಬಂತು. ಹೊಸ ಸ್ಟ್ರಟ್ ಕೂಡಿಸಿದೆ, ರಾಡು ತಳಕ್ಕೆ ಬಡಿಯದಂತೆ ತಡೆಯುವ ರಬ್ಬರನ್ನೂ ಹೊಸದು ಹಾಕಿದೆ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದೆ. ಆಮೇಲೆ ಹಿಂದೆ ಲಿಂಬೆಹಣ್ಣಿನ ಚೀಲ ಹೇರಿ, ನಡುವೆ ಶಾಂತವ್ವನನ್ನೇ ಕೂಡಿಸಿ ಅದೇ ಸ್ಪೀಡ್ ಬ್ರೇಕರಿಗೆ ಹೊರಟೆ. ಅವಳು ಸೀಟು ಹಿಡಿದು ಕಣ್ಣು ಮುಚ್ಚಿದ್ದಳು.

"ಯಾವಾಗ ಬರತೈತ್ರಿ ಅದು?"

"ದಾಟಿ ಬಂದಿವಿ."

ಅಳಿಯ ಬಸ್ಸಿನಲ್ಲಿ ಬಂದು ಗಾಡಿ ಒಯ್ದ, ಮರುದಿನ ಸುವರ್ಣಾಳನ್ನು ಕರೆದುಕೊಂಡು ಇಂಡಿಗೆ ಹೊರಟ. ತಾಳಿಕೋಟಿಗೆ ಬಂದಿರಬಹುದೆಂದು ಫೋನ್ ಮಾಡಿದೆ, ಎತ್ತಲಿಲ್ಲ. ಸಿಂದಗಿಗೆ ಬಂದಿರಬಹುದೆಂದು ಮತ್ತೆ ಮಾಡಿದೆ, ಎತ್ತಲಿಲ್ಲ. ಗ್ಯಾರೇಜಿನ ಮುಂದೆ ಅಡ್ಡಾಡಿ ಅಡ್ಡಾಡಿ ಚಪ್ಪಲಿಯ ಉಂಗುಟ ಹರಿಯಿತು. ಕಡೆಗೆ ಗಾಡಿ ಬಂದು ನಿಂತಿತು. ಮಗಳು ಕಣ್ಣುಜ್ಜುತ್ತ ಇಳಿದಳು.

"ನಿದ್ದಿ ಹತ್ತಿತ್ತಪಾ. ಸಿಂದಗಿ ಯಾವಾಗ ಹೋತೋ ಗೊತ್ತ ಆಗಲಿಲ್ಲ."

ನಾನು ಬಾನೆಟ್ಟಿಗೆ ಕೈ ಮುಗಿದುಬಿಟ್ಟೆ. ಅಳಿಯ ನಕ್ಕ. ನಗಲಿ.

ಈ ಕೆಲಸ ನನಗೆ ಕಲಿಸಿದ್ದಿಷ್ಟು: ಖಾಲಿ ಗಾಡಿ ನೋಡಿ ಸ್ಟ್ರಟ್ ಆರಿಸಬಾರದು. ಈಗ ಯಾರೇ ಗಿಡ್ಡ ಸ್ಪ್ರಿಂಗ್ ತಂದರೂ ನಾನು ಮೊದಲು ಕೇಳುವುದು, "ಹಿಂದಿನ ಸೀಟಿನ್ಯಾಗ ಯಾರ ಕುಂಡ್ರತಾರ?" ಯಾರೂ ಇಲ್ಲ ಎನ್ನುವ ಹುಡುಗರೂ ಇದ್ದಾರೆ. ಅವರ ಕೈಗೆ ಮೊಮ್ಮಗಳನ್ನು ಕೊಟ್ಟು, "ಇಷ್ಟ ಭಾರಾ ಹಿಡಕೊಂಡು ವಿಚಾರ ಮಾಡ್ರಿ" ಎಂದು ಚಹಾ ತರಲು ಹೋಗುತ್ತೇನೆ.